ಮೋಡಿ ಓದಲು ಬಾರದೆ ಗಡಿಯ ಚರಿತ್ರೆ ಬರೆಯಬಹುದೆ?

ನವೆಂಬರ್ ಬಂತೆಂದರೆ ಬೆಳಗಾವಿಯ ಗಡಿ ಎಲ್ಲರಿಗೂ ನೆನಪಾಗುತ್ತದೆ. ಮಹಾರಾಷ್ಟ್ರ ಕೇಳಿದ 814 ಹಳ್ಳಿಗಳು, 1967ರ ಮಹಾಜನ ವರದಿ ಅದಕ್ಕೆ ಕೊಡಬಹುದೆಂದ 264, ನಮಗೆ ಬರಬೇಕೆಂದ 247, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ದಾವೆ. ಈ ಅಂಕಿಗಳನ್ನು ಒಪ್ಪಿಸಿಬಿಟ್ಟರೆ ಗಡಿಯ ಬಗ್ಗೆ ಮಾತು ಮುಗಿಯಿತು ಎಂದು ನಾವು ತಿಳಿದಿದ್ದೇವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನ ಈ ಲೆಕ್ಕದಲ್ಲಿ ಬರೀ ತಲೆಗಳು. ಅವರಿಗೂ ಒಂದು ಚರಿತ್ರೆಯಿದೆ, ಅದರ ದೊಡ್ಡ ಪಾಲು ನಮ್ಮ ಕನ್ನಡ ವಿಭಾಗಗಳಲ್ಲಿ ಹೆಚ್ಚಿನವರಿಗೆ ಓದಲು ಬಾರದ ಲಿಪಿಯಲ್ಲಿದೆ ಎಂಬ ಮಾತು ಮಾತ್ರ ಯಾವ ಭಾಷಣದಲ್ಲೂ ಬರುವುದಿಲ್ಲ.

ಆ ಲಿಪಿ ಮೋಡಿ. ಮರಾಠಿಯನ್ನು ಲೇಖನಿ ಎತ್ತದೆ ಸರಸರ ಬರೆಯಲು ಕಾರಕೂನರು ಬಳಸುತ್ತಿದ್ದ ಬರಹ. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಅಥಣಿ, ಚಿಕ್ಕೋಡಿ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿದ್ದವು. ನಡುನಡುವೆ ಪಟವರ್ಧನರ ಸಂಸ್ಥಾನಗಳ ತುಂಡು ನೆಲ. ಸಂಸ್ಥಾನದ ರೈತ ಹೊಲದಲ್ಲಿ, ಮನೆಯಲ್ಲಿ ಕನ್ನಡ ಆಡಿದ. ಆದರೆ ಅವನ ಇನಾಂ, ವತನ, ಕಂದಾಯ, ತಕರಾರುಗಳು ದಫ್ತರದಲ್ಲಿ ಮೋಡಿಯಾಗಿ ಕೂತವು.

ಇದರಿಂದ ನಷ್ಟವೇನು? ಒಂದೇ ಉದಾಹರಣೆ ಕೊಡುತ್ತೇನೆ. ಕರ್ನಾಟಕದಲ್ಲಿ ಮೀಸಲಾತಿಯ ಕತೆಯನ್ನು ನಾವು 1918ರ ಮಿಲ್ಲರ್ ಸಮಿತಿಯಿಂದ, ಮೈಸೂರಿನಿಂದ ಶುರುಮಾಡುತ್ತೇವೆ. ಶಾಹೂ ಮಹಾರಾಜರು ಕೊಲ್ಹಾಪುರ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ನೂರಕ್ಕೆ 50 ಸ್ಥಾನ ಕಾಯ್ದಿರಿಸಿದ್ದು 1902ರಲ್ಲಿ. ರಾಯಬಾಗ ಆಗ ಅದೇ ಸಂಸ್ಥಾನದಲ್ಲಿತ್ತು. ಎಂದರೆ ಇಂದಿನ ಕರ್ನಾಟಕದ ಒಂದು ತುಂಡು ನೆಲ ಮೈಸೂರಿನ ಆ ಸಮಿತಿಗಿಂತ 16 ವರ್ಷ ಮೊದಲೇ ಮೀಸಲಾತಿಯ ಆಳ್ವಿಕೆಯಲ್ಲಿತ್ತು. 1917ರಲ್ಲಿ ಅದೇ ರಾಜ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಕನ್ನಡ ಹಳ್ಳಿಯ ಮಗು ಆ ಶಾಲೆಯಲ್ಲಿ ಯಾವ ಭಾಷೆ ಕಲಿಯಿತು? ದಲಿತ ಕೇರಿಯಿಂದ ಎಷ್ಟು ಮಕ್ಕಳು ಬಂದರು? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದ್ದು ಕೊಲ್ಹಾಪುರದ ಪತ್ರಾಗಾರದಲ್ಲಿ. ನಮ್ಮ ಪಠ್ಯಗಳಲ್ಲಿ ರಾಯಬಾಗಕ್ಕೆ ಚರಿತ್ರೆ ಇರುವುದು ರಟ್ಟರ ಶಾಸನದವರೆಗೆ, ಆಮೇಲೆ ಅದು ಎದ್ದೇಳುವುದು ಏಕೀಕರಣದ ಹೊತ್ತಿಗೆ. ನಡುವಿನ ಶತಮಾನಗಳಲ್ಲಿ ಜನ ಬದುಕಿರಲಿಲ್ಲವೆ?

ಸಂಶೋಧನೆಯ ವಿಷಯ ಮಂಡಿಸಿದ ದಿನ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಇಲ್ಲಿಯ ದಾಖಲೆ ಮರಾಠಿಯಲ್ಲಿವೆ ಅಂತ ನಾವೇ ಬರೆದುಕೊಟ್ಟರೆ, ನಾಳೆ ಅವರ ವಕೀಲರು ಅದನ್ನೇ ಹಿಡಿಯೋದಿಲ್ಲವೇನ್ರಿ?” ಈ ಭಯ ಅವರೊಬ್ಬರದ್ದಲ್ಲ, ಅದಕ್ಕೇ ಉತ್ತರ ಕೊಡಬೇಕು. ದಫ್ತರದ ಭಾಷೆ ಮನೆಯ ಭಾಷೆಯಲ್ಲ. ಆದಿಲಶಾಹಿ ದರ್ಬಾರಿನಲ್ಲಿ ಪಾರಸಿ ನಡೆಯಿತೆಂದು ವಿಜಯಪುರವನ್ನು ಯಾರೂ ಇರಾನಿಗೆ ಬರೆದುಕೊಡುವುದಿಲ್ಲ. ಮೋಡಿ ಕಾಗದ ಕಂಡಲ್ಲೆಲ್ಲ ಮರಾಠಿ ನೆಲ ಎನ್ನುವವರ ವಾದವೂ, ಆ ಕಾಗದವನ್ನು ಮುಚ್ಚಿಡಬೇಕೆನ್ನುವ ನಮ್ಮವರ ಭಯವೂ ಒಂದೇ ತಪ್ಪಿನಿಂದ ಹುಟ್ಟಿದವು. ಕಾಗದವನ್ನು ಓದಿದವನು ವಾದಕ್ಕೆ ಉತ್ತರ ಕೊಡಬಲ್ಲ, ಓದದವನು ಘೋಷಣೆ ಮಾತ್ರ ಕೂಗಬಲ್ಲ.

ನಮ್ಮ ಹಿರಿಯರಲ್ಲಿ ಕೆಲವರಿಗೆ ಈ ಭಯವಿರಲಿಲ್ಲ. ಶಂ.ಬಾ. ಜೋಶಿಯವರು ಮರಾಠಿ ಸಂಸ್ಕೃತಿಯ ಬೇರುಗಳ ಬಗ್ಗೆ ಮರಾಠಿಯಲ್ಲೇ ಪುಸ್ತಕ ಬರೆದರು. ರಾ.ಚಿಂ. ಢೇರೆಯವರು ವಿಠ್ಠಲನ ಮೂಲ ಹುಡುಕುತ್ತ ಕನ್ನಡ ನೆಲದ ಪಶುಪಾಲಕರ ದೈವಗಳವರೆಗೆ ಬಂದರು. ಅದರಿಂದ ಮಹಾರಾಷ್ಟ್ರ ಒಂದು ಹಳ್ಳಿಯನ್ನೂ ಕಳೆದುಕೊಳ್ಳಲಿಲ್ಲ. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ದಶಕಗಳ ಕಾಲ ಪ್ರಾಕೃತ ಕಲಿಸಿದವರು. ಮಹಾಜನ ವರದಿ ಬಂದ 1967ರಲ್ಲೇ ಅವರು ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇನ್ನು ಅದೇ ತಾಲ್ಲೂಕಿನ ಎಕ್ಸಂಬಾದ ಜಿ.ಎ. ಕುಲಕರ್ಣಿ ಧಾರವಾಡದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದುಕೊಂಡು ಮರಾಠಿಯ ದೊಡ್ಡ ಕತೆಗಾರರಾದರು. ಅವರನ್ನು ಯಾವ ರಾಜ್ಯದ ಪಟ್ಟಿಗೆ ಹಾಕುತ್ತೀರಿ? ಒಂದೇ ಭಾಷೆ ಬಲ್ಲವನ ಕೈಗೆ ಇವರ ಬದುಕಿನ ಅರ್ಧ ಮಾತ್ರ ಸಿಗುತ್ತದೆ.

ಇದು ಪಂಡಿತರ ಗೋಳು ಮಾತ್ರವಲ್ಲ. ನನ್ನೂರು ರಾಯಬಾಗ ತಾಲ್ಲೂಕಿನ ಪಾಲಬಾವಿ. ಅಚ್ಚ ಕನ್ನಡ ಆಡುವ ನಮ್ಮಲ್ಲಿ ಪಹಣಿಗೆ ಈಗಲೂ ‘ಉತಾರ’, ಆಸ್ತಿ ಪಾಲಿಗೆ ‘ವಾಟ್ನಿ’, ಅಪ್ಪನ ತಮ್ಮನಿಗೆ ‘ಕಾಕಾ’. ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಬರುವ ಭಕ್ತರ ಜೊತೆ ಮಾತಾಡಲು ಯಾರಿಗೂ ದುಭಾಷಿ ಬೇಕಾಗುವುದಿಲ್ಲ. ಆದರೆ ಅಜ್ಜನ ಪೆಟ್ಟಿಗೆಯಲ್ಲಿ ಮೋಡಿ ಕಾಗದ ಉಳಿದಿರುವ ಮನೆಗಳಲ್ಲಿ ಜಮೀನಿನ ತಂಟೆ ಎದ್ದರೆ ಅದನ್ನು ಓದಿಸಲು ಕೊಲ್ಹಾಪುರಕ್ಕೋ ಮಿರಜಿಗೋ ಬಸ್ಸು ಹತ್ತಬೇಕು. ಓದಿದವನು ಹೇಳಿದ್ದೇ ಅರ್ಥ, ಕೇಳಿದ್ದೇ ದುಡ್ಡು. ಮೋಡಿ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಕಾಗದಕ್ಕೆ ಗೆದ್ದಲು ಹತ್ತುತ್ತಿದೆ.

ಬೇಕಾದ್ದು ತೀರಾ ಸಣ್ಣದು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಕನ್ನಡ, ಇತಿಹಾಸ ಎರಡೂ ವಿಭಾಗದವರಿಗೆ ಒಂದು ವರ್ಷದ ಮೋಡಿ ತರಗತಿ. ಈ ಭಾಗದ ಮೇಲೆ ಪಿಎಚ್‌ಡಿ ಮಾಡುವವರಿಗೆ ಮರಾಠಿ ಓದಲು ಬರಲೇಬೇಕೆಂಬ ನಿಯಮ. ಹಳ್ಳಿಯ ಪೆಟ್ಟಿಗೆಗಳಲ್ಲಿರುವ ಕಾಗದಗಳ ಚಿತ್ರ ತೆಗೆದಿಡಲು ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಿಂದ ಒಂದಿಷ್ಟು ಹಣ. ಗಡಿಯಾಚೆಯವರೂ ಹಳಗನ್ನಡ ಕಲಿಯಲಿ, ಖಿದ್ರಾಪುರದ ಗುಡಿಯಲ್ಲಿರುವ ಕನ್ನಡ ಶಾಸನಗಳನ್ನು ತಾವೇ ಓದಿಕೊಳ್ಳಲಿ. ಅವರು ಕಲಿಯುವವರೆಗೆ ನಾವೇಕೆ ಕಾಯಬೇಕು? ನವೆಂಬರಿನ ಒಂದು ವೇದಿಕೆಯ ಖರ್ಚಿನಲ್ಲಿ ಒಬ್ಬ ಮೋಡಿ ಮೇಷ್ಟ್ರಿಗೆ ಸಂಬಳ ಕೊಡಬಹುದು. ಈ ವರ್ಷ ಮೊದಲು ಅದನ್ನು ಮಾಡೋಣ, ಧ್ವಜ ಹೇಗೂ ಹಾರುತ್ತದೆ.