ಗೆದ್ದಲಿನ ಮೇಲೆ ಮೊಕದ್ದಮೆ ಹೂಡುವವರಾರು?

2023ರ ಮಾರ್ಚ್ 31ರಂದು ಬಿಹಾರ್ ಶರೀಫ್ ಪಟ್ಟಣದಲ್ಲಿ ರಾಮನವಮಿ ಮೆರವಣಿಗೆಯ ಸಂದರ್ಭದಲ್ಲಿ ಭುಗಿಲೆದ್ದ ಹಿಂಸಾಚಾರದಲ್ಲಿ ಮದ್ರಸಾ ಅಝೀಝಿಯಾದ ಗ್ರಂಥಾಲಯಕ್ಕೆ ಬೆಂಕಿ ಹಚ್ಚಲಾಯಿತು. ಶತಮಾನ ದಾಟಿದ ಆ ಸಂಸ್ಥೆಯ ಸುಮಾರು 4,500 ಗ್ರಂಥಗಳು ಬೂದಿಯಾದವೆಂದು ವರದಿಯಾಯಿತು. ಸಮುದಾಯ ನೊಂದುಕೊಂಡಿತು, ಹೇಳಿಕೆಗಳು ಹೊರಬಿದ್ದವು. ನೊಂದದ್ದು ನ್ಯಾಯವೇ. ಅಪರಾಧಿಗಳಿಗೆ ಶಿಕ್ಷೆಯಾಗಬೇಕೆಂಬ ಬೇಡಿಕೆಯೂ ನ್ಯಾಯವೇ. ಆದರೆ ನಮ್ಮ ಮಸೀದಿಗಳ ಅಟ್ಟದಲ್ಲಿ, ಮನೆಗಳ ಟ್ರಂಕುಗಳಲ್ಲಿ, ಮದ್ರಸಗಳ ಬೀಗ ಹಾಕಿದ ಕಪಾಟುಗಳಲ್ಲಿ ಪ್ರತಿ ಮಳೆಗಾಲವೂ ಸದ್ದಿಲ್ಲದೆ ನಾಶವಾಗುತ್ತಿರುವ ಗ್ರಂಥಗಳ ಕುರಿತು ಯಾರಾದರೂ ಎಂದಾದರೂ ಒಂದು ಹೇಳಿಕೆ ಕೊಟ್ಟಿದ್ದಾರೆಯೇ? ಬೆಂಕಿಗೆ ಆರೋಪಿಗಳಿರುತ್ತಾರೆ. ಗೆದ್ದಲಿಗೆ ಆಶ್ರಯ ಕೊಟ್ಟವರು ನಾವೇ ಆಗಿರುವುದರಿಂದ ಅಲ್ಲಿ ದೂರು ದಾಖಲಾಗುವುದಿಲ್ಲ.

ಹಳೆಯ ಕಾಗದವನ್ನು ಉಳಿಸುವುದು ಇಂದು ರಸಾಯನಶಾಸ್ತ್ರದ ಆಳವಾದ ಜ್ಞಾನವನ್ನು ಬೇಡುವ ಒಂದು ವೃತ್ತಿ. ಮುನ್ನೂರು ವರ್ಷಗಳ ಹಿಂದಿನ ಹಸ್ತಪ್ರತಿಗಿಂತ ನೂರು ವರ್ಷಗಳ ಹಿಂದಿನ ಮುದ್ರಿತ ಪುಸ್ತಕ ಬೇಗನೆ ಪುಡಿಯಾಗುವುದನ್ನು ಓದುಗರು ಗಮನಿಸಿರಬಹುದು. ಹಿಂದಿನ ಕಾಗದ ಬಟ್ಟೆಯ ಚಿಂದಿ ಮತ್ತು ನಾರಿನಿಂದ ಕೈಯಲ್ಲಿ ತಯಾರಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ತಿರುಳಿನಿಂದ ಯಂತ್ರದಲ್ಲಿ ಕಾಗದ ಮಾಡತೊಡಗಿದಾಗ ಅದಕ್ಕೆ ಪಟಿಕವನ್ನು ಬೆರೆಸಲಾಯಿತು. ಅದರಿಂದ ಹುಟ್ಟುವ ಆಮ್ಲ ಕಾಗದವನ್ನು ಒಳಗಿನಿಂದಲೇ ಸುಡುತ್ತದೆ. ನಮ್ಮ ಹಿರಿಯರ ಕಪಾಟುಗಳಲ್ಲಿರುವ ಕಲ್ಲಚ್ಚಿನ ಉರ್ದು, ಫಾರ್ಸಿ ಕೃತಿಗಳಲ್ಲಿ ಹೆಚ್ಚಿನವು ಈ ಕಾಲದವು.

ಹಸ್ತಪ್ರತಿಗಳ ಕಾಯಿಲೆಗಳು ಬೇರೆ. ದೀಪದ ಮಸಿಯಿಂದ ಮಾಡಿದ ಶಾಯಿ ಕಾಗದಕ್ಕೆ ಕೇಡು ಮಾಡದು, ಆದರೆ ನೀರು ತಾಗಿದರೆ ಕರಗುತ್ತದೆ. ಕಬ್ಬಿಣದ ಅಂಶವಿರುವ ಶಾಯಿ ನೀರಿಗೆ ಅಷ್ಟು ಸುಲಭವಾಗಿ ಕರಗದಿದ್ದರೂ ವರ್ಷಗಳು ಕಳೆದಂತೆ ಕಾಗದವನ್ನೇ ತಿನ್ನುತ್ತದೆ. ಪುಟದ ಸುತ್ತ ತಾಮ್ರದ ಕಿಲುಬಿನಿಂದ ತಯಾರಿಸಿದ ಹಸಿರು ಬಣ್ಣದ ಗೆರೆ ಎಳೆದಿದ್ದರೆ, ಕೆಲವೊಮ್ಮೆ ಕತ್ತರಿಯಿಂದ ಕತ್ತರಿಸಿದಂತೆ ಬರಹದ ಭಾಗ ಅಂಚಿನಿಂದ ಕಳಚಿ ಬೀಳುತ್ತದೆ. ಹುಳುಗಳ ಕಾಟ ತಪ್ಪಿಸಲು ಹಿಂದಿನ ಕೆಲವು ಲಿಪಿಕಾರರು ಮೊದಲ ಪುಟದಲ್ಲಿ 'ಯಾ ಕಬೀಕಜ್' ಎಂದು ಬರೆಯುತ್ತಿದ್ದರು. ಕಬೀಕಜ್ ಎಂಬುದು ಒಂದು ವಿಷಕಾರಿ ಗಿಡದ ಹೆಸರು. ಗಿಡವನ್ನು ಬಳಸುವುದನ್ನು ಮರೆತು ಹೆಸರನ್ನು ಮಾತ್ರ ಕೂಗುವ ಚಾಳಿ ನಮಗೆ ಹೊಸದೇನೂ ಅಲ್ಲವೆಂದಾಯಿತು. ಆ ಹೆಸರನ್ನು ಬರೆದಿದ್ದ ಪುಟಕ್ಕೂ ತೂತು ಕೊರೆದ ಹುಳುಗಳಿವೆ!

ಅಜ್ಞಾನದ ಆರೈಕೆಯು ಹುಳಕ್ಕಿಂತಲೂ ಅಪಾಯಕಾರಿ. ನಾವು ಕಲಿತ ಮದ್ರಸದಲ್ಲಿ ಫಿಕ್ಹ್‌ನ ಹಳೆಯ ಹಸ್ತಪ್ರತಿಯೊಂದಿತ್ತು. ಹರಿದ ಹಾಳೆಗಳನ್ನು ಕಂಡು ಮನನೊಂದ ಹಿರಿಯರೊಬ್ಬರು ಬಹಳ ಶ್ರದ್ಧೆಯಿಂದ ಅದಕ್ಕೆ ಸೆಲ್ಲೊಟೇಪ್ ಅಂಟಿಸಿದರು. ಹತ್ತು ವರ್ಷಗಳ ನಂತರ ನೋಡಿದಾಗ ಟೇಪು ಒಣಗಿ ಉದುರಿತ್ತು, ಅಂಟು ಕಂದು ಬಣ್ಣಕ್ಕೆ ತಿರುಗಿ ಕಾಗದದೊಳಗೆ ಇಳಿದಿತ್ತು, ಅಕ್ಷರಗಳು ಟೇಪಿನೊಂದಿಗೇ ಎದ್ದು ಬಂದಿದ್ದವು. ಅವರ ಉದ್ದೇಶದಲ್ಲಿ ಲೋಪವಿರಲಿಲ್ಲ. ಲ್ಯಾಮಿನೇಷನ್ನಿನ ಕತೆಯೂ ಇದೇ. ತಜ್ಞ ಸಂರಕ್ಷಕರು ಇದಕ್ಕೆ ತದ್ವಿರುದ್ಧವಾದ ನಿಯಮವನ್ನು ಪಾಲಿಸುತ್ತಾರೆ: ಇಂದು ಮಾಡಿದ ದುರಸ್ತಿಯನ್ನು ನಾಳೆ ಮೂಲಕ್ಕೆ ಹಾನಿಯಾಗದಂತೆ ಬಿಡಿಸಲು ಸಾಧ್ಯವಾಗಬೇಕು. ಆದ್ದರಿಂದಲೇ ಅವರು ತೆಳುವಾದ ಜಪಾನೀ ನಾರುಕಾಗದವನ್ನೂ ಗೋಧಿಯ ಪಿಷ್ಟದಿಂದ ಮಾಡಿದ ಅಂಟನ್ನೂ ಬಳಸುತ್ತಾರೆ. ಸ್ವಲ್ಪ ನೀರಿನ ಪಸೆ ಸಾಕು, ಅದು ಬಿಟ್ಟುಕೊಳ್ಳುತ್ತದೆ. ಹಳೆಯ ರಟ್ಟನ್ನು ಎಸೆದು ಹೊಸ ಬೈಂಡಿಂಗ್ ಮಾಡಿಸುವುದೂ ನಷ್ಟವೇ. ಹೊಲಿಗೆಯ ವಿಧಾನ ಮತ್ತು ಮುಂಭಾಗವನ್ನು ಮುಚ್ಚುವ ಮಡಿಕೆ ಆ ಗ್ರಂಥ ಎಲ್ಲಿ ಹುಟ್ಟಿತೆಂಬುದನ್ನು ಹೇಳುವ ಸಾಕ್ಷ್ಯಗಳು.

ಕರ್ನಾಟಕದ ಮುಸ್ಲಿಮರಿಗೆ ಈ ವಿಷಯದಲ್ಲಿ ಕಹಿ ಅನುಭವವಿದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಟಿಪ್ಪು ಸುಲ್ತಾನರ ಗ್ರಂಥಾಲಯದ ಸುಮಾರು 2,000 ಸಂಪುಟಗಳು ಈಸ್ಟ್ ಇಂಡಿಯಾ ಕಂಪೆನಿಯ ವಶವಾದವು. ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಅವುಗಳ ವಿವರಣಾತ್ಮಕ ಸೂಚಿಯನ್ನು ಪ್ರಕಟಿಸಿದ. ಬಿಜಾಪುರದ ಆದಿಲ್‌ಶಾಹಿ ಭಂಡಾರದಲ್ಲಿ ಅಳಿದುಳಿದಿದ್ದ ಕೃತಿಗಳೂ ಲಂಡನ್ ಸೇರಿದವು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿ ಹದವಾದ ಉಷ್ಣಾಂಶದಲ್ಲಿ ಸುರಕ್ಷಿತವಾಗಿವೆ. ಇದು ಲೂಟಿಯನ್ನು ಸಮರ್ಥಿಸುವ ಮಾತಲ್ಲ. ಲೂಟಿಯಾಗದೆ ಇಲ್ಲೇ ಉಳಿದವುಗಳ ಗತಿಯೇನಾಯಿತೆಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲದಿರುವುದು ನಾಚಿಕೆಗೇಡು. ಪಟ್ನಾದ ವಕೀಲ ಖುದಾ ಬಕ್ಷ್ ತಂದೆಯಿಂದ ಬಂದ 1,400 ಹಸ್ತಪ್ರತಿಗಳನ್ನು ಸುಮಾರು 4,000ಕ್ಕೆ ಬೆಳೆಸಿ 1891ರಲ್ಲಿ ಸಾರ್ವಜನಿಕರಿಗೆ ಒಪ್ಪಿಸಿದರು. ಅದು ಇಂದು ಸಂಸತ್ತಿನ ಕಾಯ್ದೆಯಡಿಯಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆ. ಅವರು ಯಾವ ಸರಕಾರಕ್ಕೂ ಕಾದು ಕುಳಿತಿರಲಿಲ್ಲ.

ಸರಕಾರದ ಹೊಣೆ ಇದರಿಂದ ಕಡಿಮೆಯಾಗದು. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾಯಿತು. 2025ರ ಬಜೆಟ್‌ನಲ್ಲಿ ಕೇಂದ್ರವು 'ಜ್ಞಾನ ಭಾರತಂ' ಯೋಜನೆಯನ್ನು ಘೋಷಿಸಿ, ಖಾಸಗಿ ಸಂಗ್ರಹಗಳೂ ಸೇರಿದಂತೆ ಒಂದು ಕೋಟಿಗೂ ಅಧಿಕ ಹಸ್ತಪ್ರತಿಗಳನ್ನು ಸಮೀಕ್ಷಿಸಿ ಸಂರಕ್ಷಿಸುವುದಾಗಿ ಹೇಳಿತು. ಆ ಕೋಟಿಯಲ್ಲಿ ಅರಬಿ, ಫಾರ್ಸಿ, ದಖನಿ ಪ್ರತಿಗಳಿಗೆ ಸಿಗುವ ಪಾಲೆಷ್ಟು ಎಂದು ಕೇಳುವ ಹಕ್ಕು ನಮಗಿದೆ. ಆದರೆ ನಮ್ಮಲ್ಲಿ ಎಷ್ಟಿವೆ ಎಂದು ಅಧಿಕಾರಿ ಮರುಪ್ರಶ್ನೆ ಹಾಕಿದರೆ ಯಾವ ಜಮಾಅತಿನ ಬಳಿ ಪಟ್ಟಿಯಿದೆ? ಸರಕಾರದ ಮೇಲೆ ನಂಬಿಕೆಯಿಲ್ಲದವರು ಗ್ರಂಥವನ್ನು ಒಪ್ಪಿಸಬೇಕಿಲ್ಲ. ಛಾಯಾಪ್ರತಿ ತೆಗೆಯಲು ಕೊಡುವಾಗಲೂ ಒಡೆತನ ತಮ್ಮದೇ ಎಂದು ಲಿಖಿತವಾಗಿ ಪಡೆದುಕೊಳ್ಳಲಿ. ಅನುಮಾನವನ್ನೇ ನೆಪವಾಗಿಸಿ ಟ್ರಂಕನ್ನು ಮುಚ್ಚಿಡುವುದು ಮಾತ್ರ ಜಾಣತನವಲ್ಲ.

ದಿಲ್ಲಿಯ ರಾಷ್ಟ್ರೀಯ ಪತ್ರಾಗಾರವು ದಾಖಲೆಗಳ ದುರಸ್ತಿಯ ಅಲ್ಪಾವಧಿ ತರಬೇತಿಗಳನ್ನು ನಡೆಸುತ್ತಾ ಬಂದಿದೆ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಅರಬಿ ಲಿಪಿಯನ್ನು ಓದಬಲ್ಲ ಸಂರಕ್ಷಕರು ವಿರಳ. ಮದ್ರಸದಲ್ಲಿ ಓದಿದ ಯುವಕನಿಗೆ ಲಿಪಿ ಗೊತ್ತು, ವಿಜ್ಞಾನ ಪದವಿ ಪಡೆದ ಅವನ ತಂಗಿಗೆ ಆಮ್ಲ-ಕ್ಷಾರಗಳು ಗೊತ್ತು. ಇಬ್ಬರನ್ನೂ ಈ ವೃತ್ತಿಗೆ ಕಳುಹಿಸಲು ಒಂದು ವಿದ್ಯಾರ್ಥಿವೇತನ ಸಾಕು. ಮದುವೆ ಮಂಟಪಗಳಿಗೆ ಲಕ್ಷಗಟ್ಟಲೆ ಸುರಿಯುವ ನಮ್ಮ ಪಟ್ಟಣಗಳಿಗೆ ಅದೇನೂ ಭಾರವಲ್ಲ.

ರಮಝಾನ್‌ಗೆ ಮುನ್ನ ಮಸೀದಿಗಳಿಗೆ ಸುಣ್ಣ ಬಣ್ಣ ಬಳಿಯುವಾಗ ಕಪಾಟುಗಳನ್ನು ಖಾಲಿ ಮಾಡಿ, ಜೀರ್ಣವಾದ ಗ್ರಂಥಗಳನ್ನು ಗೌರವಪೂರ್ವಕವಾಗಿ ಹೂಳುವ ಅಥವಾ ನೀರಿಗೆ ಬಿಡುವ ರೂಢಿ ಹಲವೆಡೆ ಇದೆ. ಈ ಸಲ ಮೂಟೆಯ ಬಾಯಿ ಕಟ್ಟುವ ಮುನ್ನ ಆಡಳಿತ ಸಮಿತಿಯವರು ಓದಬಲ್ಲ ಒಬ್ಬರನ್ನು ಕರೆಸಿ, ಕೈಬರಹದ ಹಾಳೆಗಳನ್ನೆಲ್ಲ ಬೇರೆ ತೆಗೆದಿರಿಸಲಿ.