ಹಳೇ ಜೀಪಿಗೆ ಎರಡೇ ದಾರಿಯಾ: ಗುಜರಿ, ಇಲ್ಲಾಂದ್ರೆ ಮ್ಯೂಸಿಯಂ?

ಕೇಂದ್ರ ಸಾರಿಗೆ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಒಂದು ಅಧಿಸೂಚನೆ ಹೊರಡಿಸಿತು. ಇಪ್ಪತ್ತು ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಿಸೋಕೆ ಇನ್ನು ಮುಂದೆ 10,000 ರೂಪಾಯಿ. 2022ರ ಮಾರ್ಚ್‌ವರೆಗೆ ಇದೇ ಕೆಲಸಕ್ಕೆ ಇದ್ದ ಶುಲ್ಕ 600 ರೂಪಾಯಿ. ಆ ವರ್ಷದ ಏಪ್ರಿಲ್ 1ರಿಂದ ಅದು 5,000 ಆಯ್ತು, ಈಗ ಅದರ ದುಪ್ಪಟ್ಟು. ಮೂರೂವರೆ ವರ್ಷದೊಳಗೆ ಹದಿನಾರು ಪಟ್ಟಿಗೂ ಹೆಚ್ಚು. ಆಮದಾದ ಗಾಡಿಯಾದರೆ 80,000.

ಹಳೇ ಗಾಡಿ ಅಂದ್ರೆ ಶ್ರೀಮಂತರ ಶೋಕಿ, ಶುಲ್ಕ ಏರಿದ್ರೆ ಏರಲಿ ಬಿಡಿ ಅನ್ನೋರು ಇದ್ದಾರೆ. ನಗರದಲ್ಲಿ ಕೂತು ನೋಡಿದ್ರೆ ಹಾಗೇ ಕಾಣುತ್ತೆ. ನಾನಿರೋದು ಪಿರಿಯಾಪಟ್ಟಣ ತಾಲೂಕಿನ ಬೆಟ್ಟದಪುರದಲ್ಲಿ. ಇಲ್ಲಿ ಹಳೇ ಜೀಪು ಬೇರೆಯದೇ ಕಥೆ ಹೇಳುತ್ತೆ. ನನ್ನ ಹತ್ರವೂ ಒಂದಿದೆ: ಮಹೀಂದ್ರದ ಎಂಎಂ 540, ಡೀಸೆಲ್ ಗಾಡಿ. ಸರ್ಕಾರಿ ಇಲಾಖೆಯೊಂದರ ಹರಾಜಿನಲ್ಲಿ ಮಾರಾಟವಾಗಿ, ಇಬ್ಬರು ರೈತರ ಕೈ ದಾಟಿ ನನ್ನ ಹತ್ರ ಬಂದಿದ್ದು. ಹಾಗಾಗಿ ಈ ವಿಷಯದಲ್ಲಿ ನಾನು ತಟಸ್ಥ ಅಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ.

ಸರ್ಕಾರ ಬರ್ತಿದ್ದ ಗಾಡಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ಯುದ್ಧಕ್ಕೆ ಅಂತ ಬಂದವುಗಳಲ್ಲಿ ಒಂದಷ್ಟು ಇಲ್ಲೇ ಉಳಿದವು. ಆಮೇಲೆ, 1945ರಲ್ಲಿ ಶುರುವಾದ ಮಹೀಂದ್ರ ಕಂಪನಿ ವಿಲ್ಲೀಸ್‌ನಿಂದ ಪರವಾನಗಿ ಪಡೆದು ಇಲ್ಲೇ ಜೀಪು ಜೋಡಿಸತೊಡಗಿತು. ಮುಂದಿನ ಹಲವು ದಶಕ ನಮ್ಮ ಹಳ್ಳಿಗಳ ಮಟ್ಟಿಗೆ ಸರ್ಕಾರದ ಮುಖ ಅಂದ್ರೆ ಜೀಪೇ. ತಹಶೀಲ್ದಾರ್, ಬಿಡಿಒ, ಫಾರೆಸ್ಟ್, ಪೊಲೀಸ್, ಎಲ್ಲರೂ ಅದರಲ್ಲೇ ಬರ್ತಿದ್ದರು. ಊರಿಗೆ ಜೀಪು ಬಂತು ಅಂದ್ರೆ ಸರ್ಕಾರ ಬಂತು ಅಂತಲೇ ಅರ್ಥ.

ಇಲಾಖೆ ಆ ಜೀಪನ್ನ ಹರಾಜು ಹಾಕಿದಾಗ ಅದರ ಎರಡನೇ ಬದುಕು ಶುರುವಾಗ್ತಿತ್ತು. ಗ್ಯಾರೇಜಿನವರೋ ರೈತರೋ ಕೊಳ್ಳೋರು. ಇಂಜಿನ್ ಬಿಚ್ಚಿ, ಟಿಂಕರಿಂಗ್ ಮಾಡಿ, ಹೊಸ ಹುಡ್ ಹೊದಿಸಿ ರಸ್ತೆಗೆ ಬಿಡೋರು. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆಯದು ಹೊಗೆಸೊಪ್ಪಿನ ಸೀಮೆ. ಬ್ಯಾರನ್‌ಗೆ ಸೌದೆ ತರಬೇಕು, ಸೊಪ್ಪಿನ ಬೇಲನ್ನ ಕಂಪಲಾಪುರದ ಹರಾಜು ಮಾರುಕಟ್ಟೆಗೋ ಹುಣಸೂರು ಕಡೆಗೋ ಸಾಗಿಸಬೇಕು. ಮುಂಗಾರಿನಲ್ಲಿ ಹೊಲದ ದಾರಿ ಕೆಸರಾದಾಗ ಫೋರ್ ವೀಲ್ ಇರೋ ಗಾಡಿ ಮಾತ್ರ ಒಳಗೆ ಹೋಗಿ ಹೊರಗೆ ಬರುತ್ತೆ. ಯಾವ ಜೀಪಿನಲ್ಲಿ ಸರ್ಕಾರ ಬರ್ತಿತ್ತೋ, ಮುಂದೆ ಅದೇ ಜೀಪಿನಲ್ಲಿ ಹೊಗೆಸೊಪ್ಪು ಹೋಗ್ತಿತ್ತು. ಪಕ್ಕದ ಕೊಡಗಿನ ಕಾಫಿ ತೋಟಗಳಲ್ಲೂ ಇದೇ ಕಥೆ.

ಈ ಸರಪಳಿ ಈಗ ಕಡಿದುಹೋಗಿದೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ತಾನಾಗಿಯೇ ರದ್ದಾಗುತ್ತೆ. ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು, ಬೇರೆಯವರ ಹೆಸರಿಗೆ ಬಂದು ರಸ್ತೆಗಿಳಿಯೋ ಹಾಗಿಲ್ಲ. ಕಂಡೀಷನ್ ಹೇಗಿದೆ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಜನರ ದುಡ್ಡಲ್ಲಿ ಕೊಂಡ ಗಾಡಿ ಕೊನೆಗೆ ಜನರ ಕೈಗೆ ಬರ್ತಿದ್ದ ದಾರಿ ಮುಚ್ಚಿತು. ಇದರ ಬಗ್ಗೆ ಒಂದು ಚರ್ಚೆಯೂ ಆಗಿದ್ದು ನನಗೆ ನೆನಪಿಲ್ಲ.

'ಒರಿಜಿನಲ್' ಅನ್ನೋದು ಯಾರ ಭಾಗ್ಯ?

ಹಳೇ ವಾಹನಗಳನ್ನ ಸರ್ಕಾರ ಪೂರ್ತಿ ಮರೆತಿದೆ ಅಂತಲ್ಲ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 'ವಿಂಟೇಜ್' ಅನ್ನೋ ಹೊಸ ವರ್ಗ ಸೇರಿತು. ಗಾಡಿ ಮೊದಲು ನೋಂದಣಿಯಾಗಿ 50 ವರ್ಷ ದಾಟಿರಬೇಕು. ಬಾಡಿಗೆ ವ್ಯವಹಾರದ್ದಾಗಿರಬಾರದು. ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಇಷ್ಟಿದ್ರೆ 'ವಿಎ' ಅಕ್ಷರ ಇರೋ ವಿಶೇಷ ನಂಬರ್ ಸಿಗುತ್ತೆ. ಮೊದಲ ಸಲ 20,000 ರೂಪಾಯಿ, ಹತ್ತು ವರ್ಷಕ್ಕೆ ಮಾನ್ಯ, ಆಮೇಲಿನ ನವೀಕರಣಕ್ಕೆ 5,000. ಆದರೆ ದಿನಬಳಕೆಗೆ ರಸ್ತೆಗಿಳಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಎಣ್ಣೆ ಹಾಕಿಸೋದು, ಇಂಥದ್ದಕ್ಕೆ ಮಾತ್ರ.

ಈಗ ಲೆಕ್ಕ ಹಾಕಿ. ಹೊಲಕ್ಕೆ ಹೋಗೋ ಸಾಮಾನ್ಯ ಜೀಪಿನ ನವೀಕರಣ ಐದೈದು ವರ್ಷಕ್ಕೊಮ್ಮೆ. ಅಂದ್ರೆ ಹತ್ತು ವರ್ಷಕ್ಕೆ 20,000. ಶೆಡ್ಡಿನಲ್ಲಿ ಪಾಲಿಶ್ ಹೊಡೆಸಿಕೊಂಡು ನಿಂತಿರೋ ವಿಂಟೇಜ್ ಜೀಪಿಗೆ ಮೊದಲ ಸಲದ ಶುಲ್ಕ ಕಟ್ಟಿದ ಮೇಲೆ ಹತ್ತು ವರ್ಷಕ್ಕೆ 5,000. ದುಡಿಯೋ ಗಾಡಿಗೆ ನಾಲ್ಕು ಪಟ್ಟು ಹೆಚ್ಚು.

ಶುಲ್ಕಕ್ಕಿಂತ ದೊಡ್ಡ ಸಮಸ್ಯೆ 'ಒರಿಜಿನಲ್' ಅನ್ನೋ ಷರತ್ತಿನಲ್ಲಿದೆ. ಹಳೇ ವಿಲ್ಲೀಸ್ ಮಾದರಿಯ ಜೀಪುಗಳು ಪೆಟ್ರೋಲ್ ಗಾಡಿಗಳು, ಎಣ್ಣೆ ಕುಡಿಯೋದರಲ್ಲಿ ಬಕಾಸುರರು. ದುಡಿಮೆಗೆ ಇಟ್ಟುಕೊಂಡವರು ಅದಕ್ಕೆ ಡೀಸೆಲ್ ಇಂಜಿನ್ ಕೂರಿಸಿದರು. ಹಿಂದೆ ಲೋಡ್ ಹಾಕೋಕೆ ಬಾಡಿ ಉದ್ದ ಮಾಡಿಸಿದರು. ಕಂಪನಿ ಪಾರ್ಟ್ ಸಿಗದಿದ್ದಾಗ ಬೇರೆ ಗಾಡಿದು ತಂದು ಲೇತ್‌ನಲ್ಲಿ ಕೊರೆಸಿ ಹೊಂದಿಸಿದರು. ಆ ಕಾಲಕ್ಕೆ ಅದು ಬುದ್ಧಿವಂತಿಕೆ. ಈಗಿನ ನಿಯಮದ ಕಣ್ಣಿಗೆ ಅದೇ ಅನರ್ಹತೆ. 1960ರ ದಶಕದ ಜೀಪೊಂದು ಬದಲಾಗದೆ ಉಳಿದಿದೆ ಅಂದ್ರೆ, ಅದರ ಮಾಲೀಕನಿಗೆ ಅದರಿಂದ ದುಡಿಸಿಕೊಳ್ಳೋ ದರ್ದು ಅಷ್ಟಾಗಿ ಇರಲಿಲ್ಲ ಅಂತಲೇ ಹೆಚ್ಚಿನ ಸಲ ಅರ್ಥ. ಬಡವರ ಕೈಲಿದ್ದ ಗಾಡಿ ಬದುಕೋಕೆ ಅಂತ ಬದಲಾಗಿದೆ. ಹಾಗೆ ಬದಲಾಗಿದ್ದಕ್ಕೇ ಅದು ಪರಂಪರೆ ಅಲ್ಲ ಅಂತ ಕಾನೂನು ಹೇಳ್ತಿದೆ.

ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದವರ 'ಪಯಣ' ವಾಹನ ಸಂಗ್ರಹಾಲಯ ಇದೆ. ಅಂಥದ್ದು ಬೇಕು, ನನಗೇನೂ ತಕರಾರಿಲ್ಲ. ಆದರೆ ಒಂದು ಜಿಲ್ಲೆಯ ವಾಹನ ಚರಿತ್ರೆ ಅಂದ್ರೆ ಗಾಜಿನ ಹಿಂದಿರೋ ಕಾರುಗಳಷ್ಟೇ ಅಲ್ಲ. ಆ ಚರಿತ್ರೆಯ ಅರ್ಧಭಾಗ ಮೆಕ್ಯಾನಿಕ್‌ಗಳ ಕೈಯಲ್ಲಿದೆ. ನನ್ನ ಜೀಪು ನೋಡಿಕೊಳ್ಳೋ ಹುಣಸೂರಿನ ಭಾಯ್, ಗೇರ್ ಬಾಕ್ಸಿನ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳ್ತಾರೆ. ಅವರ ಮಕ್ಕಳು ಈ ಕೆಲಸಕ್ಕೆ ಬಂದಿಲ್ಲ. ಬರೋಕೆ ಕಾರಣವಾದರೂ ಏನಿದೆ? ಸ್ಕ್ಯಾನರ್ ಹಾಕಿ ರಿಪೇರಿ ಮಾಡೋ ಗಾಡಿಗಳ ಕಾಲ ಇದು. ಅವರ ವಿದ್ಯೆ ಯಾವ ಐಟಿಐ ಪುಸ್ತಕಕ್ಕೂ ಸೇರದೆ ಅವರ ಜೊತೆಗೇ ಮುಗಿದುಹೋಗುತ್ತೆ.

ಹೊಗೆಯ ಮಾತು

ಇಲ್ಲಿಗೆ ನಿಮ್ಮಲ್ಲಿ ಹಲವರು ಕೇಳಬಹುದು: ಹಾಗಾದ್ರೆ ಮಾಲಿನ್ಯ? ಕೇಳಲೇಬೇಕಾದ ಪ್ರಶ್ನೆ ಅದು. ಭಾರತ್ ಸ್ಟೇಜ್ ಮಾನದಂಡ ಬರೋದಕ್ಕೂ ಮೊದಲು ಹುಟ್ಟಿದ ಡೀಸೆಲ್ ಜೀಪು, 2020ರ ಬಿಎಸ್-6 ಗಾಡಿಗಿಂತ ಕಿಲೋಮೀಟರಿಗೆ ಎಷ್ಟೋ ಪಾಲು ಹೆಚ್ಚು ಹೊಗೆ ಉಗುಳುತ್ತೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದ್ದೂ ಅಲ್ಲಿನ ಗಾಳಿ ಆ ಮಟ್ಟಕ್ಕೆ ಕೆಟ್ಟಿದ್ದಕ್ಕೇ. ಅದನ್ನ ಹಗುರವಾಗಿ ತಳ್ಳಿಹಾಕೋ ಹಾಗಿಲ್ಲ.

ಆದರೆ 10,000 ರೂಪಾಯಿ ಕಟ್ಟಿದ ಮೇಲೆ ಜೀಪಿನ ಹೊಗೆ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಲ್ಲ. ದುಡ್ಡಿದ್ದವನು ಕಟ್ಟಿ ಹೊಗೆ ಬಿಡ್ತಾನೆ, ಇಲ್ಲದವನು ಗಾಡಿ ಬಿಡ್ತಾನೆ. 2021ರ ಗುಜರಿ ನೀತಿಯಲ್ಲಿ ಖಾಸಗಿ ವಾಹನದ ಭವಿಷ್ಯ ನಿರ್ಧಾರ ಆಗೋದು ಫಿಟ್‌ನೆಸ್ ಪರೀಕ್ಷೆಯಿಂದ ಅಂತಲೇ ಸರ್ಕಾರ ಹೇಳಿತ್ತು. ಹಾಗಿದ್ದಮೇಲೆ ಪರೀಕ್ಷೆಯನ್ನ ಬಿಗಿ ಮಾಡಲಿ. ಹೊಗೆ ಅಳೆಯಲಿ, ಬ್ರೇಕ್ ಅಳೆಯಲಿ, ಫೇಲ್ ಆದದ್ದನ್ನ ನಿಲ್ಲಿಸಲಿ. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡೋ ಜೀಪಿಗೂ ದಿನಾ ನೂರು ಕಿಲೋಮೀಟರ್ ಓಡೋ ಕಾರಿಗೂ ವಯಸ್ಸೊಂದೇ ಅಳತೆ ಆದ್ರೆ, ಅದನ್ನ ಪರಿಸರ ನೀತಿ ಅನ್ನೋಕೆ ಬರಲ್ಲ. ಹಳೇದು ಗುಜರಿಗೆ ಹಾಕಿದವರಿಗೆ ಹೊಸ ಖಾಸಗಿ ವಾಹನದ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಬಹುದು ಅಂತಲೂ ನಿಯಮ ಇದೆ. ಆದರೆ ಹೊಸ ಥಾರ್‌ನ ಬೆಲೆ ಶುರುವಾಗೋದೇ ಹತ್ತು ಲಕ್ಷದ ಆಸುಪಾಸು. ಹೊಗೆಸೊಪ್ಪಿನ ರೈತನಿಗೆ ಈ ರಿಯಾಯಿತಿ ತೋರಿಸೋದು ಅಂದ್ರೆ ಹಸಿದವನಿಗೆ ಹೋಟೆಲ್ ಬೋರ್ಡ್ ತೋರಿಸಿದ ಹಾಗೆ.

ನಮ್ಮ ಕಡೆಯೂ ಮಾತಾಡಬೇಕಾದ್ದಿದೆ. ಜೀಪು ನಮ್ಮಲ್ಲಿ ಗೌಡಿಕೆಯ ಗತ್ತಿನ ಸಂಕೇತವೂ ಆಗಿದೆ. ದಪ್ಪ ಟೈರು, ಕಣ್ಣು ಕುಕ್ಕೋ ಲೈಟು, ಎದೆ ನಡುಗಿಸೋ ಹಾರ್ನ್ ಹಾಕಿಸಿ ಹಳ್ಳ, ಹುಲ್ಲುಗಾವಲು, ಕಾಡಂಚು ಅಂತ ನೋಡದೆ ನುಗ್ಗೋದಕ್ಕೆ ಆಫ್‌ರೋಡಿಂಗ್ ಅಂತ ಹೆಸರಿಡೋರಿದ್ದಾರೆ. ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶೋಕಿಗೆ ಮಾಡಿಸೋ ಬದಲಾವಣೆಯನ್ನೂ ಬದುಕಿಗೆ ಮಾಡಿಸಿದ ಬದಲಾವಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ಇಂಥವರೇ ನೆಪ ಒದಗಿಸೋದು.

ಹಳೇ ಜೀಪು ಕೊಳ್ಳೋ ಆಸೆ ಇರೋ ಗೆಳೆಯರಿಗೆ ಒಂದು ಮಾತು. ಬಣ್ಣ ನೋಡಬೇಡಿ, ಚಾಸಿ ನೋಡಿ. ಚಾಸಿ ಮೇಲೆ ಒತ್ತಿರೋ ನಂಬರ್ ಆರ್‌ಸಿಗೆ ತಾಳೆಯಾಗಬೇಕು. ಇಂಜಿನ್ ಬದಲಾಗಿದ್ರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ನೋಂದಣಿ ಅವಧಿ ಮುಗಿದಿದ್ರೆ ನವೀಕರಣದ ಖರ್ಚು ಯಾರದ್ದು ಅಂತ ಮೊದಲೇ ಮಾತಾಡಿ. ಬೇರೆ ರಾಜ್ಯದ ಗಾಡಿಯಾದ್ರೆ ಎನ್‌ಒಸಿ ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡಿ. ತುಕ್ಕು ಹಿಡಿದ ಬಾಡಿಯನ್ನ ಸರಿ ಮಾಡಬಹುದು. ಪಾರ್ಟ್ಸ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಬಹುದು. ಪೇಪರ್ ಇಲ್ಲದ ಗಾಡಿಯನ್ನ ಮಾತ್ರ ಯಾವ ಮೆಕ್ಯಾನಿಕ್ಕೂ ರಿಪೇರಿ ಮಾಡೋಕಾಗಲ್ಲ.

ಮೂರನೇ ದಾರಿ

ಜರ್ಮನಿಯಲ್ಲಿ 30 ವರ್ಷ ದಾಟಿ, ಪರೀಕ್ಷೆ ಪಾಸಾದ ಗಾಡಿಗೆ ಚಾರಿತ್ರಿಕ ನಂಬರ್ ಪ್ಲೇಟ್ ಕೊಡ್ತಾರೆ. ಅದನ್ನ ದಿನಾ ಓಡಿಸಬಹುದು. ಆ ಕಾಲದಲ್ಲಿ ರೂಢಿಯಲ್ಲಿದ್ದ ಬದಲಾವಣೆಗಳನ್ನೂ ಅಲ್ಲಿ ಒಪ್ಪಿಕೊಳ್ತಾರೆ. ನಮಗೂ ಇಂಥದ್ದೊಂದು ಬೇಕು. ಕೇಳೋದು ಬಹಳ ಇಲ್ಲ. ಐವತ್ತರ ಬದಲು ಮೂವತ್ತು ವರ್ಷದ ಮಿತಿ. ದಶಕಗಳ ಹಿಂದೆಯೇ ಆರ್‌ಸಿಯಲ್ಲಿ ನಮೂದಾದ ಇಂಜಿನ್ ಬದಲಾವಣೆಗೆ ಮಾನ್ಯತೆ. ವರ್ಷಕ್ಕೆ ಇಂತಿಷ್ಟೇ ಕಿಲೋಮೀಟರ್ ಅನ್ನೋ ಮಿತಿ, ಅದರ ಜೊತೆ ಕಟ್ಟುನಿಟ್ಟಿನ ಹೊಗೆ ಪರೀಕ್ಷೆ. ಇಷ್ಟು ಮಾಡಿದವರಿಗೆ ಕಮ್ಮಿ ಶುಲ್ಕ. ಗಾಳಿ ಹಾಳಾಗಿರೋ ನಗರಗಳಿಗೆ ಇವು ಬರಬಾರದು ಅಂದ್ರೂ ಒಪ್ಪೋಣ. ಹುಣಸೂರಿನ ಕೆಎ-45 ಜೀಪಿಗೆ ಬೆಂಗಳೂರಿನ ಸಿಗ್ನಲ್‌ನಲ್ಲಿ ಏನು ಕೆಲಸ?

ಇದು ಬರೀ ಗಾಡಿಯ ವಿಷಯ ಅಲ್ಲ. ರಿಪೇರಿ ಮಾಡಿಕೊಂಡು ಬದುಕೋದು ನಮ್ಮ ಸಮಾಜದ ದೊಡ್ಡ ಭಾಗದ ಜೀವನ ಕ್ರಮ. ಚಪ್ಪಲಿಗೆ ಹೊಲಿಗೆ, ಪಂಪ್‌ಸೆಟ್ಟಿಗೆ ವೈಂಡಿಂಗ್, ಜೀಪಿಗೆ ಬೇರೆ ಇಂಜಿನ್. ಕೊಂಡಿದ್ದನ್ನ ಬಿಸಾಕದೆ ಉಳಿಸಿಕೊಂಡವರಿಗೆ ದಂಡ, ಬಿಸಾಕಿ ಹೊಸದು ಕೊಂಡವರಿಗೆ ರಿಯಾಯಿತಿ ಅನ್ನೋ ನೀತಿಯನ್ನ ಹಸಿರು ಅಂತ ಕರೆಯೋಕೆ ಮೊದಲು, ಆ ಹಸಿರು ಯಾರ ಜೇಬಿಗೆ ಹೋಗ್ತಿದೆ ಅಂತ ಕೇಳೋಣ.