ಪ್ರೋನೋಟಿಗೆ ಮೂರು ವರ್ಷ, ನೌಕರನ ನ್ಯಾಯಕ್ಕೆ ಒಂದೇ ವರ್ಷ!

ಗಾಂಧಿನಗರದ ಯಾವ ಅಂಗಡಿಯವರನ್ನು ಕೇಳಿದರೂ ಒಂದು ಲೆಕ್ಕ ಥಟ್ಟನೆ ಹೇಳುತ್ತಾರೆ: ಉದ್ರಿ ಬಾಕಿಗೆ ಮೂರು ವರ್ಷದ ವಾಯಿದೆ. ಅಷ್ಟರೊಳಗೆ ಕೋರ್ಟಿಗೆ ಹೋಗಬೇಕು, ಇಲ್ಲವೇ ಸಾಲಗಾರನಿಂದ ‘ಬಾಕಿ ಉಂಟು’ ಎಂದು ಬರೆಸಿ ರುಜು ಹಾಕಿಸಿಕೊಳ್ಳಬೇಕು. ರುಜು ಬಿತ್ತೋ, ಅಂದಿನಿಂದ ಮತ್ತೆ ಮೂರು ವರ್ಷ. 1963ರ ಕಾಲಮಿತಿ ಕಾಯಿದೆಯನ್ನು ಕಣ್ಣಿಂದ ನೋಡದವರಿಗೂ ಈ ಲೆಕ್ಕ ಬಾಯಿಪಾಠ.

ಬೆಳಿಗ್ಗೆ ಸಿರುಗುಪ್ಪ, ಕುರುಗೋಡು ಬಸ್ಸುಗಳಲ್ಲಿ ಊಟದ ಡಬ್ಬಿ ಹಿಡಿದು ಓಡಾಡುವ ಗುಮಾಸ್ತರು, ಮೇಷ್ಟ್ರುಗಳು, ನರ್ಸಮ್ಮಗಳನ್ನು ಇದೇ ಪ್ರಶ್ನೆ ಕೇಳಿ ನೋಡಬೇಕು. ನಿಮಗಿಂತ ಕಿರಿಯನಿಗೆ ಬಡ್ತಿ ಕೊಟ್ಟು ನಿಮ್ಮನ್ನು ಬಿಟ್ಟರೆ, ಜಾತಿ ನೋಡಿಯೋ ಹೆಂಗಸೆಂದೋ ಕಾಲು ಕುಂಟೆಂದೋ ಬದಿಗೆ ತಳ್ಳಿದರೆ, ಎಷ್ಟು ದಿನದೊಳಗೆ ಎಲ್ಲಿಗೆ ದೂರು ಕೊಡಬೇಕು? ಬಹುಪಾಲು ಬರುವ ಉತ್ತರ ಒಂದೇ: “ಮನವಿ ಕೊಟ್ಟೀವಿ ಬಿಡ್ರಿ, ನಡೀತೈತಿ.”

ನಡೆಯುತ್ತಿರುವುದು ಕಡತವಲ್ಲ, ಗಡಿಯಾರ!

ಒಂದು ವರ್ಷದ ಲೆಕ್ಕ

ಸರ್ಕಾರಿ ನೌಕರರ ಸೇವಾ ತಕರಾರುಗಳಿಗೆಂದೇ 1985ರಲ್ಲಿ ಆಡಳಿತ ನ್ಯಾಯಮಂಡಳಿಗಳ ಕಾಯಿದೆ ಬಂತು. 1986ರಲ್ಲಿ ಕರ್ನಾಟಕದಲ್ಲಿ ರಾಜ್ಯ ನ್ಯಾಯಮಂಡಳಿ ಶುರುವಾಯಿತು. ಈಗ ಬೆಂಗಳೂರಲ್ಲದೆ ಬೆಳಗಾವಿ, ಕಲಬುರಗಿಗಳಲ್ಲೂ ಅದರ ಪೀಠಗಳಿವೆ. ರೈಲ್ವೆ, ಅಂಚೆ ಮುಂತಾದ ಕೇಂದ್ರದ ನೌಕರರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿ. ಮಂಡಳಿ ಬೇರೆಯಾದರೂ ಕಾಯಿದೆ ಒಂದೇ, ವಾಯಿದೆಯೂ ಒಂದೇ.

ಆ ಕಾಯಿದೆಯ 21ನೇ ಕಲಮು ಹೇಳುವುದಿಷ್ಟು. ಇಲಾಖೆಯ ಅಂತಿಮ ಆದೇಶ ಹೊರಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಸೇವಾ ನಿಯಮದ ಪ್ರಕಾರ ಮೇಲಧಿಕಾರಿಗೆ ಮೇಲ್ಮನವಿ ಕೊಟ್ಟು ಉತ್ತರವೇ ಬಾರದಿದ್ದರೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷ.

ಬಿಡಿಸಿ ಹೇಳುವುದಾದರೆ, ಒಬ್ಬ ಗುಮಾಸ್ತರು ಜನವರಿ 1ರಂದು ಮೇಲ್ಮನವಿ ಕೊಟ್ಟರು ಎನ್ನೋಣ. ಸಾಹೇಬರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಜೂನ್ ಕೊನೆಗೆ ಆರು ತಿಂಗಳು ಮುಗಿಯಿತು. ಮುಂದಿನ ವರ್ಷದ ಜೂನ್ ಕೊನೆಯೊಳಗೆ ಅವರ ಅರ್ಜಿ ನ್ಯಾಯಮಂಡಳಿಯಲ್ಲಿರಬೇಕು. ಜುಲೈ ತಿಂಗಳಲ್ಲಿ ಹೋದರೆ ಮೊದಲ ಪ್ರಶ್ನೆ ಅನ್ಯಾಯದ ಬಗ್ಗೆ ಬರುವುದಿಲ್ಲ. “ಇಷ್ಟು ದಿನ ಎಲ್ಲಿದ್ದಿರಿ?” ಎಂದು ಬರುತ್ತದೆ.

ಮನವಿಯ ಮೇಲೆ ಮನವಿ

ನಮ್ಮ ಕಚೇರಿಗಳ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಮೊದಲ ಮನವಿಗೆ ಉತ್ತರವಿಲ್ಲ. ನೆನಪೋಲೆ ಕೊಡುತ್ತಾರೆ. ಆಮೇಲೆ ಮತ್ತೊಂದು ನೆನಪೋಲೆ. ಸಂಘದ ಮುಖಂಡರ ಕೈಲಿ ಒಂದು, ಶಾಸಕರ ಶಿಫಾರಸಿನ ಜೊತೆ ಒಂದು, ಹೊಸ ಸಾಹೇಬರು ಬಂದಾಗ ಹೂಮಾಲೆಯ ಜೊತೆ ಇನ್ನೊಂದು. ಟಪಾಲು ಶಾಖೆಯ ಮೊಹರು ಬಿದ್ದ ಪ್ರತಿಗಳು ಮನೆಯಲ್ಲಿ ಒಂದು ಕಟ್ಟಾಗುತ್ತವೆ. ಕಟ್ಟು ದಪ್ಪವಾದಷ್ಟೂ ಕೇಸು ಗಟ್ಟಿ ಎಂದು ಪಾಪ ಆ ನೌಕರನ ನಂಬಿಕೆ.

ಈ ನಂಬಿಕೆಗೆ 1989ರಲ್ಲೇ ಪೆಟ್ಟು ಬಿದ್ದಿದೆ. ಮಧ್ಯಪ್ರದೇಶದ ಎಸ್.ಎಸ್. ರಾಠೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಸ್ಪಷ್ಟವಾಗಿ ಹೇಳಿತು: ನಿಯಮದಲ್ಲಿರುವ ಮೇಲ್ಮನವಿ ಲೆಕ್ಕಕ್ಕೆ ಬರುತ್ತದೆ, ನಿಯಮದಲ್ಲಿಲ್ಲದ ಮನವಿಯನ್ನು ಮೇಲಿಂದ ಮೇಲೆ ಕೊಟ್ಟರೆ ವಾಯಿದೆ ಬೆಳೆಯುವುದಿಲ್ಲ. 2008ರಲ್ಲಿ ಸಿ. ಜೇಕಬ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಳಸಿದ ಮನವಿಗೆ ಕಚೇರಿ ಈಗ ಉತ್ತರ ಕೊಟ್ಟಿತೆಂದು ಸತ್ತ ಹಕ್ಕು ಎದ್ದು ಕೂರುವುದಿಲ್ಲ ಎಂಬುದು ಅದರ ತಾತ್ಪರ್ಯ.

ಉದ್ರಿ ಪುಸ್ತಕಕ್ಕೂ ಸೇವಾ ಪುಸ್ತಕಕ್ಕೂ ಇರುವ ವ್ಯತ್ಯಾಸ ಇಲ್ಲೇ. ಸಾಲಗಾರನ ರುಜು ಅಂಗಡಿಯವರಿಗೆ ಹೊಸ ಮೂರು ವರ್ಷ ಕೊಡುತ್ತದೆ. ಸಾಹೇಬರ ತಡವಾದ ಹಿಂಬರಹ ನೌಕರನಿಗೆ ಒಂದು ದಿನವನ್ನೂ ಕೊಡುವುದಿಲ್ಲ!

ಸಂಬಳದ ಮಾತು ಬೇರೆ, ಬಡ್ತಿಯ ಮಾತು ಬೇರೆ

ಎಲ್ಲ ಬಾಗಿಲೂ ಮುಚ್ಚಿದೆ ಎಂದಲ್ಲ. ಕಾಯಿಲೆಯಂತಹ ಸಕಾರಣ ಇದ್ದರೆ, ಅದಕ್ಕೆ ಕಾಗದಪತ್ರ ಇದ್ದರೆ, ತಡವನ್ನು ಮನ್ನಿಸುವ ಅಧಿಕಾರ ನ್ಯಾಯಮಂಡಳಿಗೆ ಉಂಟು. ಸಂಬಳ, ಪಿಂಚಣಿಯನ್ನು ತಪ್ಪಾಗಿ ನಿಗದಿ ಮಾಡಿದ್ದರೆ ಅದು ತಿಂಗಳು ತಿಂಗಳೂ ಮರುಕಳಿಸುವ ಅನ್ಯಾಯ. ತಡವಾಗಿ ಹೋದರೂ ಕೇಳುತ್ತಾರೆ. ಆದರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಮಾತ್ರ ಎಂದು 2008ರ ತರ್ಸೇಮ್ ಸಿಂಗ್ ತೀರ್ಪು ಹೇಳಿದೆ.

ಜ್ಯೇಷ್ಠತೆ, ಬಡ್ತಿಯಲ್ಲಿ ಈ ದಯೆ ಇಲ್ಲ. ಅಲ್ಲಿ ಒಬ್ಬರನ್ನು ಮೇಲೆ ಹತ್ತಿಸಬೇಕಾದರೆ ಇನ್ನೊಬ್ಬರನ್ನು ಇಳಿಸಬೇಕು. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತವರನ್ನು ಎಬ್ಬಿಸಲು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಬಳ್ಳಾರಿಯವರಿಗೆ ಇದು ಇನ್ನೂ ಮುಖ್ಯ. 2013ರಲ್ಲಿ 371(ಜೆ) ಆದೇಶ ಜಾರಿಗೆ ಬಂದ ಮೇಲೆ ಇಲ್ಲಿನ ನೌಕರರಿಗೆ ಸ್ಥಳೀಯ ವೃಂದದ ಲೆಕ್ಕವೂ ಸೇರಿಕೊಂಡಿದೆ. ಜ್ಯೇಷ್ಠತಾ ಪಟ್ಟಿಯ ಕರಡು ಹೊರಟಾಗ ಆಕ್ಷೇಪಣೆಗೆ ಕೊಡುವ ದಿನಗಳೇ ಮೊದಲ ವಾಯಿದೆ. ನೋಟೀಸು ಬೋರ್ಡಿನ ಮುಂದೆ ನಿಂತು ಓದದವರು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ!

ಹೆಣ್ಣುಮಕ್ಕಳಿಗೆ ಮೂರೇ ತಿಂಗಳು

ಕಚೇರಿಯಲ್ಲಿ ಲೈಂಗಿಕ ಕಿರುಕುಳವಾದರೆ ವಾಯಿದೆ ಇನ್ನೂ ಮೊಟಕು. 2013ರ ಕಾಯಿದೆಯಂತೆ ಘಟನೆ ನಡೆದ ದಿನದಿಂದ, ಮೇಲಿಂದ ಮೇಲೆ ನಡೆದಿದ್ದರೆ ಕೊನೆಯ ಘಟನೆಯ ದಿನದಿಂದ, ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಡಕ್ಕೆ ಕಾರಣ ಒಪ್ಪಿಗೆಯಾದರೆ ಸಮಿತಿ ಇನ್ನು ಮೂರು ತಿಂಗಳು ಕೊಡಬಹುದು. ಅಲ್ಲಿಗೆ ಮುಗಿಯಿತು. ಹತ್ತು ಮಂದಿಗಿಂತ ಕಡಿಮೆ ಇರುವ ಕಚೇರಿಯವರು, ಕಚೇರಿಯ ಮುಖ್ಯಸ್ಥರ ಮೇಲೆಯೇ ದೂರು ಇರುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು.

2025ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಬಂಗಾಳದ ಒಂದು ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. ಕೊನೆಯ ಘಟನೆ 2023ರ ಏಪ್ರಿಲ್‌ನದು, ದೂರು ಅದೇ ವರ್ಷದ ಡಿಸೆಂಬರಿನದು. ಆರು ತಿಂಗಳು ದಾಟಿತ್ತು. ನಡುವೆ ಅವರನ್ನು ಒಂದು ಹುದ್ದೆಯಿಂದ ತೆಗೆದದ್ದು ಕಿರುಕುಳದ ಮುಂದುವರಿಕೆಯಲ್ಲ ಎಂದು ಕೋರ್ಟು ಹೇಳಿತು. ದೂರು ವಾಯಿದೆಯಲ್ಲೇ ಬಿದ್ದುಹೋಯಿತು. ಹೆದರಿಕೆ, ನಾಚಿಕೆ, ಮನೆಯವರ “ಸುಮ್ನಿರು” ಎಂಬ ಬುದ್ಧಿಮಾತು ಇವುಗಳಲ್ಲೇ ಮೂರು ತಿಂಗಳು ಕಳೆದುಹೋಗುತ್ತದೆಂಬುದು ಹೆಣ್ಣುಮಕ್ಕಳಿರುವ ಎಲ್ಲ ಮನೆಗೂ ಗೊತ್ತು.

ಅಂಗವಿಕಲ ನೌಕರರಿಗೆ ಮಾತ್ರ ಕಾನೂನು ಕೊಂಚ ಕಣ್ಣು ತೆರೆದಿದೆ. 2016ರ ಕಾಯಿದೆಯಂತೆ ಸರ್ಕಾರಿ ಸಂಸ್ಥೆಗಳಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಆಗಬೇಕು. ಸಮಾಧಾನವಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ಇಲ್ಲಿ ವಾಯಿದೆ ಬಿದ್ದಿರುವುದು ದೂರುದಾರನ ತಲೆಗಲ್ಲ, ಕಚೇರಿಯ ತಲೆಗೆ.

ಕೇಳಬೇಕಾದ ಮಾತು

ಉಳಿದ ಕಡೆ ಇದೇ ನ್ಯಾಯ ಯಾಕಿಲ್ಲ? ಜನರ ಅರ್ಜಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಎಂದು 2011ರ ಸಕಾಲ ಕಾಯಿದೆ ಹೇಳುತ್ತದೆ. ಆ ಅರ್ಜಿಯನ್ನು ದಿನ ಎಣಿಸಿ ವಿಲೇ ಮಾಡುವ ಗುಮಾಸ್ತರ ಸ್ವಂತ ಮನವಿ ಮಾತ್ರ ಪಕ್ಕದ ಮೇಜಿನ ಮೇಲೆ ಧೂಳು ತಿನ್ನುತ್ತದೆ. ಕಚೇರಿ ಸುಮ್ಮನಿದ್ದರೆ ಅದಕ್ಕೆ ನಷ್ಟವಿಲ್ಲ, ನೌಕರ ಸುಮ್ಮನಿದ್ದರೆ ಅವನ ಹಕ್ಕೇ ಹೋಗುತ್ತದೆ. ಹೋದದ್ದು ಅವನೊಬ್ಬನದೂ ಅಲ್ಲ. ನಿಂತ ಬಡ್ತಿ ಗಾಂಧಿನಗರದ ಉದ್ರಿ ಪುಸ್ತಕದಲ್ಲೂ ಕಾಣುತ್ತದೆ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಅರ್ಜಿ ತಿರಸ್ಕರಿಸುವಾಗ ಯಾರಿಗೆ, ಎಷ್ಟು ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕೆಂದು ತಿಳಿಸಲೇಬೇಕು. ಕರೆಂಟು ಬಿಲ್ಲಿನ ಮೇಲೂ ಕೊನೇ ದಿನ ಇರುತ್ತದೆ. ನೌಕರನಿಗೆ ಕೊಡುವ ಹಿಂಬರಹದ ಕೆಳಗೂ ಇಂತಹ ಎರಡು ಸಾಲು ಅಚ್ಚು ಹಾಕಿದರೆ ಸರ್ಕಾರದ ಬೊಕ್ಕಸಕ್ಕೆ ಖರ್ಚು ಏನೂ ಇಲ್ಲ. ಸನ್ಮಾನಕ್ಕೆ ಶಾಲು ಹಿಡಿದು ಓಡಾಡುವ ನೌಕರ ಸಂಘಗಳು ಈ ಎರಡು ಸಾಲಿಗಾಗಿ ಒಂದು ಠರಾವು ಮಾಡಲಿ.

ಅಲ್ಲಿಯವರೆಗೆ ಬಸ್ಸಿನಲ್ಲಿ ಓಡಾಡುವ ನೌಕರರು ಅಂಗಡಿಯವರಿಂದ ಒಂದು ಪಾಠ ಕಲಿಯುವುದು ಮೇಲು. ಆದೇಶ ಕೈಗೆ ಬಂದ ದಿನ ಅದರ ಮೇಲೆ ತಾರೀಖು ಬರೆದು, ಮನೆಯ ಕ್ಯಾಲೆಂಡರಿನಲ್ಲಿ ಒಂದು ವರ್ಷ ಮುಂದಕ್ಕೆ ಗೀಟು ಎಳೆದಿಡಲಿ. ಮೂರನೇ ನೆನಪೋಲೆ ಬರೆಯುವ ಹೊತ್ತಿಗೆ ವಕೀಲರನ್ನು ಕಂಡು ಬರಲಿ.